ಆಶ್ಲೇಷ ಮಳೆ ಮತ್ತು ಅಪ್ಪನ ಪುಸ್ತಕ

ಇವತ್ತು ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದೆ. 4 ಇಂಚು 10 ಸೆಂಟು. ನಿನ್ನೆ 3 ಇಂಚು 70, ಮೊನ್ನೆ 2 ಇಂಚು 35. ಮೂರು ದಿನಕ್ಕೆ ಹತ್ತು ಇಂಚು ದಾಟಿತು. ಪುಸ್ತಕದಲ್ಲಿ ಬರೆದು, ಮೊತ್ತದ ಕೆಳಗೆ ಎರಡು ಗೆರೆ ಎಳೆದೆ. ಆಮೇಲೆ ನೆಲ್ಯಹುದಿಕೇರಿಯ ಚಿಕ್ಕಮ್ಮನಿಗೆ ಫೋನ್ ಮಾಡಿದೆ.

ಸೆಂಟು ಅಂದರೆ ಇಂಚಿನಲ್ಲಿ ನೂರನೇ ಒಂದು ಭಾಗ. ಕೊಡಗಿನ ಕಾಫಿ ತೋಟದವರು ಮಳೆಯನ್ನು ಈಗಲೂ ಹೀಗೇ ಹೇಳುವುದು. ಸಂತೆಯಲ್ಲಿ ಸಿಕ್ಕಿದರೆ "ನಿಮ್ಮಲ್ಲಿ ಎಷ್ಟು ಬಂತು?" ಅಂತ ಮೊದಲು ಕೇಳುತ್ತೇವೆ, ಮನೆಯವರು ಹೇಗಿದ್ದಾರೆ ಅನ್ನುವುದು ಆಮೇಲೆ. ನಮ್ಮ ಮನೆಯಲ್ಲಿ ಅಂಗಳದಿಂದಾಚೆ, ಮರದ ನೆರಳು ಬೀಳದ ಕಡೆ, ಐದು ಇಂಚು ಬಾಯಿಯ ತಾಮ್ರದ ಡಬ್ಬವಿದೆ. ಅದರೊಳಗೆ ಒಂದು ಬಾಟಲಿ. ಬಾಟಲಿಯ ನೀರನ್ನು ಗೆರೆ ಇರುವ ಗಾಜಿನ ಲೋಟಕ್ಕೆ ಸುರಿದು ನೋಡಬೇಕು. ಮೂವತ್ತು ವರ್ಷಕ್ಕಿಂತ ಜಾಸ್ತಿ ಅಪ್ಪ ನೋಡಿದರು. ಅವರು ಹೋದ ಮೇಲೆ ನಾನು ನೋಡುತ್ತಿದ್ದೇನೆ.

ನಮ್ಮ ಊರು ಮಡಿಕೇರಿಯಿಂದ ಮಕ್ಕಂದೂರು ಕಡೆಗೆ. ಆ ಹೆಸರು ಕೇಳಿದವರಿಗೆ 2018ರ ಗುಡ್ಡ ಕುಸಿತ ನೆನಪಾಗುತ್ತದೆ.

ಹವಾಮಾನ ಇಲಾಖೆಯವರು ಮಳೆಗೆ ಬಣ್ಣ ಕೊಡುತ್ತಾರೆ. ಹಳದಿ, ಕಿತ್ತಳೆ, ಕೆಂಪು. ಟಿವಿಯಲ್ಲಿ "ಕೊಡಗಿಗೆ ಆರೆಂಜ್ ಅಲರ್ಟ್" ಅಂತ ಓಡುತ್ತದೆ. ನಮ್ಮ ಮನೆಯಲ್ಲಿ ಮಕ್ಕಳು ಅದನ್ನು ನೋಡಿದ ಕೂಡಲೇ ಕೇಳುವುದು ಒಂದೇ: "ನಾಳೆ ಡಿಸಿ ರಜೆ ಕೊಡ್ತಾರಾ?" ಆ ಬಣ್ಣಗಳ ಹಿಂದೆ ಅಂಕಿ ಇದೆ ಅನ್ನುವುದು ನನಗೂ ಬಹಳ ಕಾಲ ಗೊತ್ತಿರಲಿಲ್ಲ. ಒಂದು ದಿನದಲ್ಲಿ 64.5 ಮಿಲಿಮೀಟರ್ ದಾಟಿದರೆ ಅವರ ಲೆಕ್ಕದಲ್ಲಿ ಭಾರಿ ಮಳೆ. 115.6ರಿಂದ ಅತಿ ಭಾರಿ. 204.5 ಮುಟ್ಟಿದರೆ ಅದಕ್ಕಿಂತಲೂ ಮೇಲಿನ ದರ್ಜೆ. ನಮ್ಮ ತೋಟದ ಭಾಷೆಯಲ್ಲಿ ಹೇಳುವುದಾದರೆ ಎರಡೂವರೆ ಇಂಚು, ನಾಲ್ಕೂವರೆ ಇಂಚು, ಎಂಟು ಇಂಚು. ಈ ಮೂರು ಅಂಕಿಯನ್ನು ಅಪ್ಪನ ಪುಸ್ತಕದ ರಟ್ಟಿನ ಒಳಗೆ ಬರೆದು ಅಂಟಿಸಿದ್ದೇನೆ. ಅವರ ಒಂದು ದಿನ ಅಂದರೆ ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆ. ಅಪ್ಪ ಅಳೆಯುತ್ತಿದ್ದದ್ದೂ ಅದೇ ಹೊತ್ತಿಗೆ. ಎಂಟೂವರೆಗೇ ಯಾಕೆ ಅಂತ ಚಿಕ್ಕವನಿದ್ದಾಗ ಕೇಳಿದ್ದಕ್ಕೆ, "ಎಲ್ಲರೂ ಒಂದೇ ಹೊತ್ತಿಗೆ ಅಳೆದರೆ ತಾನೇ ಹೋಲಿಸಲಿಕ್ಕೆ ಆಗುವುದು" ಅಂದಿದ್ದರು.

ಜಿಲ್ಲೆಗೆ ಒಂದೇ ಬಣ್ಣ ಸಾಕಾಗುವುದಿಲ್ಲ. ಹೊರಗಿನವರಿಗೆ ಇದು ಸುಲಭಕ್ಕೆ ಅರ್ಥವಾಗಲ್ಲ. ಮಡಿಕೇರಿಯಿಂದ ಕುಶಾಲನಗರಕ್ಕೆ ಮೂವತ್ತು ಕಿಲೋಮೀಟರ್ ಆಸುಪಾಸು. ಮಡಿಕೇರಿಯಲ್ಲಿ ಜರ್ಕಿನ್ ಹಾಕಿ ಬಸ್ ಹತ್ತಿದರೆ, ಕುಶಾಲನಗರದಲ್ಲಿ ಇಳಿಯುವಾಗ ಬಿಸಿಲು ಇರುತ್ತದೆ. ಅರಬ್ಬೀ ಸಮುದ್ರದಿಂದ ಬರುವ ಗಾಳಿ ಘಟ್ಟ ಹತ್ತುವಾಗ ಭಾಗಮಂಡಲ, ತಲಕಾವೇರಿ, ಗಾಳಿಬೀಡು ಕಡೆಗೇ ತನ್ನ ಹೊರೆ ಇಳಿಸಿಬಿಡುತ್ತದೆ. ಪೂರ್ವಕ್ಕೆ ಹೋದ ಹಾಗೆ ಮೋಡ ಬರಿದಾಗುತ್ತದೆ. ಮೂಡಣದ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆದರೂ ಪೆಟ್ಟು ನಮಗೇ. ಅದು ಪಡುವಣ ಗಾಳಿಯನ್ನು ಇನ್ನೂ ಜೋರಾಗಿ ಎಳೆಯುತ್ತದೆ. ಒಡಿಶಾ ಕರಾವಳಿ ಅಂತ ಸುದ್ದಿಯಲ್ಲಿ ಕೇಳಿದರೆ ನಾನು ಈಗ ಟಿವಿ ಶಬ್ದ ಜಾಸ್ತಿ ಮಾಡುತ್ತೇನೆ. 2018ರಲ್ಲೂ ಹಾಗೇ ಆಗಿತ್ತು.

ಆ ವರ್ಷದ ಪುಟಗಳನ್ನು ನಿನ್ನೆ ರಾತ್ರಿ ಮತ್ತೆ ತೆರೆದು ಕೂತಿದ್ದೆ. ಜೂನ್‌ನಿಂದಲೇ ಮಳೆ. ಆರಿದ್ರಾ ಚೆನ್ನಾಗಿ ಬಂತು ಅಂತ ಅಪ್ಪ ಖುಷಿಯಲ್ಲಿ ಬರೆದಿದ್ದಾರೆ. "ಆದ್ರೆ ಆರಿದ್ರ, ಇಲ್ದಿದ್ರೆ ದರಿದ್ರ" ಅಂತ ಹೇಳುತ್ತಾ ಓಡಾಡುತ್ತಿದ್ದದ್ದು ನನಗೆ ನೆನಪಿದೆ. ಪುನರ್ವಸು, ಪುಷ್ಯ ಎರಡೂ ಬಿಡಲಿಲ್ಲ. ಜುಲೈನಲ್ಲೇ ಕೆಆರ್‌ಎಸ್ ತುಂಬಿತು, ಕೆಳಗಿನವರು ಬಾಗಿನ ಬಿಟ್ಟರು. ಕಾವೇರಿ ತುಂಬಿದಳು ಅಂತ ನಮಗೂ ಸಂತೋಷವೇ. ಆದರೆ ಆ ಹೊತ್ತಿಗೆ ನಮ್ಮ ಮೇಲಿನ ಗುಡ್ಡವೂ ತುಂಬಿತ್ತು. ಅದನ್ನು ಯಾರೂ ಲೆಕ್ಕ ಹಿಡಿಯಲಿಲ್ಲ. ಆಗಸ್ಟ್ 3ರ ಹೊತ್ತಿಗೆ ಆಶ್ಲೇಷ ಹುಟ್ಟಿತು.

ಆಗಸ್ಟ್ 15ರ ರಾತ್ರಿ ಮಾತಾಡಿದರೆ ಪಕ್ಕದವರಿಗೆ ಕೇಳುತ್ತಿರಲಿಲ್ಲ, ಅಷ್ಟು ಶಬ್ದ. ಕರೆಂಟ್ ಹೋಗಿ ನಾಲ್ಕು ದಿನವಾಗಿತ್ತು. ಫೋನಿಗೆ ಸಿಗ್ನಲ್ ಇಲ್ಲ. 16ರ ಬೆಳಿಗ್ಗೆ ಅಪ್ಪ ಅಳೆಯಲು ಹೋದಾಗ ಬಾಟಲಿ ತುಂಬಿ, ಡಬ್ಬಕ್ಕೆ ಚೆಲ್ಲಿ, ಡಬ್ಬವೂ ತುಂಬಿ ನೆಲಕ್ಕೆ ಹರಿಯುತ್ತಿತ್ತು. ಪುಸ್ತಕದಲ್ಲಿ ಆ ತಾರೀಕಿನ ಎದುರು ಅಂಕಿ ಇಲ್ಲ. ಪೆನ್ಸಿಲ್‌ನಲ್ಲಿ "ತುಂಬಿ ಚೆಲ್ಲಿದೆ" ಅಂತ ಇದೆ. ಅಕ್ಷರ ಸ್ವಲ್ಪ ಓರೆ.

ಅಡುಗೆಮನೆಯ ಹಿಂದೆ ಒಂದು ಬರೆ, ಅಂದರೆ ಗುಡ್ಡವನ್ನು ನೆಟ್ಟಗೆ ಕಡಿದ ಮಣ್ಣಿನ ಗೋಡೆ, ಇದೆ. ಮನೆ ಕಟ್ಟುವಾಗ ಅಜ್ಜನ ಕಾಲದಲ್ಲಿ ಗುದ್ದಲಿಯಲ್ಲಿ ಕಡಿದದ್ದು. ಅದರ ಬುಡದಲ್ಲಿ ಪ್ರತಿ ಕಕ್ಕಡದಲ್ಲೂ, ಅಂದರೆ ಜುಲೈ-ಆಗಸ್ಟ್‌ನ ಮಳೆ ತಿಂಗಳಲ್ಲಿ, ಜಲ ಏಳುತ್ತದೆ, ನೆಲದೊಳಗಿನ ನೀರು ಒರತೆಯಾಗಿ ಹೊರಗೆ ಬರುತ್ತದೆ. ಅವ್ವ ಅದಕ್ಕೆ ಒಂದು ಸಣ್ಣ ಚರಂಡಿ ಮಾಡಿ ತೋಟಕ್ಕೆ ಬಿಟ್ಟಿದ್ದರು. ಯಾವಾಗಲೂ ಕುಡಿಯಬಹುದಾದಷ್ಟು ತಿಳಿ ನೀರು. ಅವತ್ತು ಅವ್ವ ಪಾತ್ರೆ ತೊಳೆಯಲು ಹೋದವರು ಹಾಗೇ ವಾಪಸ್ ಬಂದು, "ಜಲ ಕೆಂಪು ಬರ್ತಾ ಉಂಟು" ಅಂದರು. ನಾನು ಹೋಗಿ ನೋಡಿದೆ. ಹಾಲು ಹಾಕದ ಚಹಾದ ಬಣ್ಣ. ಅಂಗೈಯಲ್ಲಿ ಹಿಡಿದರೆ ನುಣ್ಣಗೆ ಮಣ್ಣು ಉಳಿಯುತ್ತಿತ್ತು. ಅಪ್ಪ ಏನೂ ಮಾತಾಡದೆ ತೋಟದ ಮೇಲಕ್ಕೆ ಹತ್ತಿದರು. ನಾನು ಹಿಂದೆ ಹೋದೆ. ಮೇಲಿನ ಕೊನೆಯ ಸಾಲಿನ ಕಾಫಿ ಗಿಡಗಳ ನಡುವೆ ನೆಲ ಬಾಯಿ ಬಿಟ್ಟಿತ್ತು, ಕೈ ಮೊಣಕೈವರೆಗೆ ಹೋಗುವಷ್ಟು. ಸಿಲ್ವರ್ ಓಕ್ ಮರವೊಂದು ಹಿಂದಿನ ದಿನ ನೆಟ್ಟಗಿದ್ದದ್ದು ಮನೆ ಕಡೆಗೆ ವಾಲಿತ್ತು. "ನಡಿ" ಅಂದರು. ಅಷ್ಟೇ.

ಹಸುಗಳ ಹಗ್ಗ ಬಿಚ್ಚಿ ಬಿಟ್ಟೆವು. ಪಹಣಿ, ಪಾಸ್‌ಬುಕ್, ಅವ್ವನ ಎರಡು ಸೀರೆ, ಮಕ್ಕಳ ಸ್ವೆಟರ್. ಮಳೆ ಪುಸ್ತಕವನ್ನು ಅಪ್ಪ ಅಂಗಿಯೊಳಗೆ ಇಟ್ಟುಕೊಂಡಿದ್ದರು, ಅದು ನನಗೆ ಗೊತ್ತಾಗಿದ್ದು ಮಡಿಕೇರಿಯ ನಿರಾಶ್ರಿತರ ಶಿಬಿರದಲ್ಲಿ ಅವರು ಒದ್ದೆ ಅಂಗಿ ಬಿಚ್ಚಿದಾಗ. ಆ ರಾತ್ರಿಯೇ ಗುಡ್ಡ ಬಂತು. ಕೊಟ್ಟಿಗೆಯನ್ನೂ ಒಂದೂವರೆ ಎಕರೆ ತೋಟವನ್ನೂ ತೆಗೆದುಕೊಂಡು ಹೋಯಿತು. ಮನೆ ಉಳಿಯಿತು. ನಮ್ಮ ಪಕ್ಕದ ಮನೆಯವರಿಗೆ ಮನೆಯೂ ಉಳಿಯಲಿಲ್ಲ. 17ನೇ ತಾರೀಕಿನ ಸಾಲು ಪುಸ್ತಕದಲ್ಲಿ ಖಾಲಿ ಇದೆ. ಜೋಡುಪಾಲ, ಮುಕ್ಕೋಡ್ಲು, ಹೆಬ್ಬೆಟ್ಟಗೇರಿ, ಎಲ್ಲಾ ಕಡೆಯಿಂದಲೂ ಜನ ಶಿಬಿರಗಳಿಗೆ ಬಂದರು. ಕೆಲವರನ್ನು ಸೈನಿಕರು ಹಗ್ಗ ಕಟ್ಟಿ ದಾಟಿಸಿದರು.

ಮಳೆಯ ಮುನ್ಸೂಚನೆ ಇರಲಿಲ್ಲ ಅಂತಲ್ಲ. ಕರಾವಳಿ, ಮಲೆನಾಡಿಗೆ ಭಾರಿ ಮಳೆ ಅಂತ ಹೇಳಿದ್ದರು. ಆದರೆ ಆ ಮಾತು ನಾವು ಪ್ರತಿ ಆಗಸ್ಟ್‌ನಲ್ಲೂ ಕೇಳುತ್ತೇವೆ ಅಲ್ವಾ? ಮುನ್ಸೂಚನೆ ಹೇಳುವುದು ನಾಳೆ ಬರುವ ಮಳೆಯನ್ನು. ಈಗಾಗಲೇ ನೆಲ ಕುಡಿದು ಕೂತಿರುವ ಮಳೆಯ ಲೆಕ್ಕ ಅದರಲ್ಲಿ ಇರುವುದಿಲ್ಲ. ಜೂನ್‌ನ ಐದು ಇಂಚಿಗೂ ಆಗಸ್ಟ್‌ನ ಐದು ಇಂಚಿಗೂ ಬಣ್ಣ ಒಂದೇ, ಕಿತ್ತಳೆ. ಜೂನ್‌ನಲ್ಲಿ ನೆಲ ಬಾಯಾರಿರುತ್ತದೆ, ಕುಡಿಯುತ್ತದೆ. ಆಗಸ್ಟ್‌ನಲ್ಲಿ ಒಂದು ಲೋಟ ಹಿಡಿಯಲೂ ಜಾಗ ಇರುವುದಿಲ್ಲ. ಆಗ ನೀರು ಮಣ್ಣಿಗೂ ಕೆಳಗಿನ ಬಂಡೆಗೂ ನಡುವೆ ಸೇರಿ, ಮೇಲಿನ ಮಣ್ಣನ್ನು ಹಿಡಿತದಿಂದ ಬಿಡಿಸುತ್ತದೆ. ಬುಡವನ್ನು ಜೆಸಿಬಿಯಲ್ಲಿ ನೆಟ್ಟಗೆ ಕಡಿದಿದ್ದರೆ ಮುಗಿಯಿತು, ತಡೆಯಲು ಏನೂ ಇಲ್ಲ. ರಸ್ತೆಗೆ, ಹೋಂಸ್ಟೇಗೆ, ಪಾರ್ಕಿಂಗಿಗೆ ಅಂತ ಎಷ್ಟು ಬರೆ ಕಡಿದಿದ್ದೇವೆ ನಾವು! ಕೆಳಗಿನ ಗದ್ದೆಗಳಲ್ಲಿ ಮೊದಲು ನಾಟಿ ಮಾಡಿ ನೀರು ನಿಲ್ಲಿಸುತ್ತಿದ್ದರು. ಈಗ ಅರ್ಧ ಗದ್ದೆ ಪಾಳು, ಇನ್ನರ್ಧ ಮಣ್ಣು ತುಂಬಿ ಮಟ್ಟ ಮಾಡಿದ ಸೈಟು. ನೀರಿಗೆ ನಿಲ್ಲುವ ಜಾಗ ಎಲ್ಲಿ?

ಆಮೇಲೆ ಎರಡು ವರ್ಷವೂ ಆಶ್ಲೇಷ ಬಿಡಲಿಲ್ಲ. 2019ರ ಆಗಸ್ಟ್ 9ಕ್ಕೆ ವಿರಾಜಪೇಟೆ ಕಡೆಯ ತೋರದಲ್ಲಿ ಗುಡ್ಡ ಕುಸಿಯಿತು. 2020ರ ಆಗಸ್ಟ್ 6ಕ್ಕೆ ತಲಕಾವೇರಿಯ ಗಜಗಿರಿ ಬೆಟ್ಟ, ಅರ್ಚಕರ ಮನೆಯ ಮೇಲೆಯೇ. ಎರಡು ತಾರೀಕನ್ನೂ ಅಪ್ಪ ಕೆಂಪು ಪೆನ್ನಿನಲ್ಲಿ ಗುರುತು ಮಾಡಿದ್ದಾರೆ. ಮಳೆ ನಕ್ಷತ್ರವನ್ನು ನಂಬುತ್ತೀರಾ ಅಂತ ಪೇಟೆಯ ಗೆಳೆಯರು ಕೇಳುತ್ತಾರೆ. ನಾನು ನಂಬುವುದು ತಾರೀಕನ್ನು. ಎರಡು ತಿಂಗಳು ನೆಲ ನೆನೆದ ಮೇಲೆ ಬರುವ ಹದಿನಾಲ್ಕು ದಿನಕ್ಕೆ ಹಿರಿಯರು ಇಟ್ಟ ಹೆಸರು ಆಶ್ಲೇಷ.

ಚಿಕ್ಕಮ್ಮನ ಕಥೆ ಬೇರೆ. ಅವರಿಗೆ ಗುಡ್ಡದ ಭಯ ಇಲ್ಲ, ಹೊಳೆಯದ್ದು. ನೆಲ್ಯಹುದಿಕೇರಿ ಕಾವೇರಿ ದಡದ ಊರು, ಎದುರು ದಡದಲ್ಲಿ ಕರಡಿಗೋಡು. 2019ರಲ್ಲಿ ಅಲ್ಲಿನ ಬೆಟ್ಟದಕಾಡು, ಕುಂಬಾರಗುಂಡಿಯಲ್ಲಿ ಮನೆಗಳೇ ಹೋದವು. ಚಿಕ್ಕಮ್ಮನ ಮನೆಯ ಗೋಡೆಯಲ್ಲಿ ಕಿಟಕಿ ಮಟ್ಟಕ್ಕೆ ಈಗಲೂ ಒಂದು ಕಂದು ಗೆರೆ ಇದೆ. ಸುಣ್ಣ ಹೊಡೆಯುವಾಗ ಆ ಗೆರೆಯನ್ನು ಮುಚ್ಚಲು ಅವರು ಬಿಡಲಿಲ್ಲ. ಅವರ ಊರಿನಲ್ಲಿ ಎಷ್ಟು ಮಳೆ ಬಂತು ಅನ್ನುವುದು ಅವರಿಗೆ ಮುಖ್ಯವೇ ಅಲ್ಲ. ಭಾಗಮಂಡಲದಲ್ಲಿ ಎಷ್ಟು ಬಂತು? ಅಲ್ಲಿ ಕಾವೇರಿ, ಕನ್ನಿಕೆ ಸೇರಿ ಉಕ್ಕಿದರೆ, ನಾಪೋಕ್ಲು, ಚೆರಿಯಪರಂಬು, ಬೇತ್ರಿ ದಾಟಿ ಆ ನೀರು ಇವರ ಬಾಗಿಲಿಗೆ ಬರುತ್ತದೆ. ಇವರ ಅಂಗಳದಲ್ಲಿ ಬಿಸಿಲಿರುವಾಗಲೇ ಹೊಳೆ ಏರುತ್ತದೆ. ಇನ್ನೂ ಕೆಳಗಿರುವ ಕುಶಾಲನಗರದವರು ಹಾರಂಗಿಯನ್ನೂ ನೋಡಬೇಕು. ಆ ಹೊಳೆ ಕೂಡಿಗೆಯಲ್ಲಿ ಕಾವೇರಿಗೆ ಸೇರುತ್ತದೆ. ಅಣೆಕಟ್ಟೆಯ ಪೂರ್ಣ ಮಟ್ಟ 2859 ಅಡಿ. ಮಟ್ಟ ಅದರ ಹತ್ತಿರ ಬಂತು, ಮೇಲೆ ಮಳೆ ನಿಂತಿಲ್ಲ ಅಂದರೆ ನದಿಗೆ ಎಷ್ಟು ಬಿಡುತ್ತಾರೆ ಅಂತ ಸುದ್ದಿ ಕೇಳುತ್ತಿರಬೇಕು.

ಇವತ್ತು ನಮಗೆ ಸಿಗುವ ಮಾಹಿತಿ 2018ಕ್ಕಿಂತ ಜಾಸ್ತಿ, ಅದನ್ನು ಬಳಸಿಕೊಳ್ಳಿ ಅಂತ ಎಲ್ಲರಿಗೂ ಕೈ ಮುಗಿದು ಕೇಳುತ್ತೇನೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರ ಮಳೆಮಾಪಕಗಳು ಗ್ರಾಮ ಪಂಚಾಯ್ತಿ ಮಟ್ಟದಲ್ಲೇ ಇವೆ. ಅವರ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ಪಂಚಾಯ್ತಿ ಹೆಸರು ಹೇಳಿದರೆ, ಎಷ್ಟು ಮಳೆಯಾಗಿದೆ, ಮುಂದೆ ಹೇಗಿದೆ ಅಂತ ಕನ್ನಡದಲ್ಲೇ ಹೇಳುತ್ತಾರೆ. ನಾನು ನಮ್ಮ ಪಂಚಾಯ್ತಿಯದ್ದನ್ನೂ ಚಿಕ್ಕಮ್ಮನಿಗಾಗಿ ಭಾಗಮಂಡಲದ್ದನ್ನೂ ಕೇಳುತ್ತೇನೆ. ವಾಟ್ಸಾಪ್‌ನಲ್ಲಿ ಓಡಾಡುವ ವಿಡಿಯೊಗಳನ್ನು ಮಾತ್ರ ಮುಂದಕ್ಕೆ ಕಳಿಸಬೇಡಿ. ಹೋದ ವರ್ಷ ಯಾವುದೋ ಊರಿನ ಹಳೇ ಪ್ರವಾಹವನ್ನು "ಈಗ ಮಡಿಕೇರಿಯಲ್ಲಿ" ಅಂತ ಹಾಕಿದ್ದರು. ಬೆಂಗಳೂರಿನಲ್ಲಿರುವ ನನ್ನ ತಂಗಿ ಅದನ್ನು ನೋಡಿ, ನಮಗೆ ಫೋನ್ ಸಿಗದೆ, ರಾತ್ರಿಯೆಲ್ಲಾ ಅತ್ತಿದ್ದಾಳೆ.

ನಮ್ಮ ಮನೆಯಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇವೆ. ನಮ್ಮ ಗುಡ್ಡಕ್ಕೆ, ನಮ್ಮ ಅನುಭವಕ್ಕೆ ಮಾಡಿಕೊಂಡದ್ದು, ನಿಮ್ಮ ಜಾಗಕ್ಕೆ ಇದೇ ಸರಿ ಅಂತಲ್ಲ. ಜುಲೈ 20ರ ನಂತರ ಮೂರು ದಿನದ ಮಳೆ ಹತ್ತು ಇಂಚು ದಾಟಿದರೆ ಅಡುಗೆಮನೆ ಕಡೆಯ ಕೋಣೆಯಲ್ಲಿ ಯಾರೂ ಮಲಗುವಂತಿಲ್ಲ. ಮುಂದಿನ ದಿನಕ್ಕೂ ಕಿತ್ತಳೆ ಇದ್ದರೆ ಅವ್ವನನ್ನೂ ಮಕ್ಕಳನ್ನೂ ಮಡಿಕೇರಿಯ ಭಾವನ ಮನೆಗೆ ಬಿಟ್ಟು ಬರುವುದು. ಜಲ ಕೆಂಪಾದರೆ, ನೆಲದಲ್ಲಿ ಬಿರುಕು ಕಂಡರೆ, ಬಾಗಿಲು ಇದ್ದಕ್ಕಿದ್ದ ಹಾಗೆ ಚೌಕಟ್ಟಿಗೆ ಸಿಕ್ಕಿಕೊಂಡರೆ, ಬಣ್ಣ ಯಾವುದೇ ಇರಲಿ, ಎಲ್ಲರೂ ಹೊರಡುವುದು. ಹಗಲಲ್ಲೇ ಹೊರಡುವುದು. ಅವ್ವನಿಗೆ ಇದು ಇಷ್ಟ ಇಲ್ಲ. ಪ್ರತಿ ಸಲ, "ಏನೂ ಆಗ್ಲಿಲ್ಲ ನೋಡು" ಅನ್ನುತ್ತಾರೆ. ಏನೂ ಆಗದೆ ಅವ್ವ ಹೀಗೆ ಬೈಯುತ್ತಾ ವಾಪಸ್ ಬರುವ ದಿನ ನನಗೆ ಹಬ್ಬ.

ನಾಳೆಗೂ ಕಿತ್ತಳೆ ಇದೆ. ಮಧ್ಯಾಹ್ನ ಅವ್ವ ತಮ್ಮ ಚೀಲಕ್ಕೆ ಮದ್ದು ಸೊಪ್ಪಿನ ಪಾಯಸದ ಡಬ್ಬಿಯನ್ನೂ ತುಂಬಿದರು, ಭಾವನ ಮಕ್ಕಳಿಗೆ ಅಂತ. ಚಿಕ್ಕಮ್ಮ ಸಂಜೆ ಬಸ್ಸಿಗೆ ಹೊರಟು ಅಲ್ಲಿಗೇ ಬರುತ್ತೇನೆ ಅಂದಿದ್ದಾರೆ. ಭಾಗಮಂಡಲದಲ್ಲಿ ನಿನ್ನೆ ರಾತ್ರಿಯಿಂದ ಬಿಟ್ಟೂ ಬಿಡದೆ ಸುರಿಯುತ್ತಿದೆಯಂತೆ. ನಾಲ್ಕು ಗಂಟೆಗೆ ಜೀಪ್ ಬರುತ್ತದೆ. ಅದಕ್ಕೆ ಮೊದಲು ಇನ್ನೊಮ್ಮೆ ಹಿಂದೆ ಹೋಗಿ ಜಲ ನೋಡಿ ಬಂದೆ. ಅಂಗೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದೆ. ಇನ್ನೂ ತಿಳಿಯಾಗಿಯೇ ಇದೆ.