ಮಂಜೇಶ್ವರದಲ್ಲಿ ಮುಳುಗಿದ ಹಡಗು ಹುಡುಕಲು ಹೋಗುವವರಿಗೆ

ಮೊದಲೇ ಹೇಳಿಬಿಡುತ್ತೇನೆ. ಮಂಜೇಶ್ವರದಿಂದ ಕಾಸರಗೋಡಿನವರೆಗೆ ನಾವು ವಿಚಾರಿಸಿದ ಕಡೆಯಲ್ಲೆಲ್ಲ, ಮುಳುಗಿದ ಹಡಗಿನ ಹತ್ತಿರ ಡೈವಿಂಗ್‌ಗೆ ಕರೆದೊಯ್ಯುವವರು ಒಬ್ಬರೂ ಸಿಗಲಿಲ್ಲ. ಸಿಕ್ಕಿದ್ದು ಫೋನಿನಲ್ಲಿ ಒಬ್ಬ ಬ್ರೋಕರ್. ನಾನೂ ಗೆಳೆಯನೂ ಅವನಿಗೆ ತಲಾ ಎರಡು ಸಾವಿರ ಮುಂಗಡ ಕಳಿಸಿದ್ದೆವು. ಅದು ಹೋಯ್ತು.

ಆಸೆ ಹುಟ್ಟಿದ್ದು ಸುಮ್ನೆ ಅಲ್ಲ. 2022ರ ಜೂನ್‌ನಲ್ಲಿ ಉಳ್ಳಾಲದ ಹತ್ತಿರ, ಉಚ್ಚಿಲ ಬಟ್ಟಪಾಡಿಯ ಎದುರು ಪ್ರಿನ್ಸೆಸ್ ಮಿರಾಲ್ ಎಂಬ ಸರಕು ಹಡಗು ಮುಳುಗಿತಲ್ಲ, ಅದರ ಸುದ್ದಿ ಓದಿದ್ದೆ. ಚೀನಾದಿಂದ ಲೆಬನಾನ್‌ಗೆ ಉಕ್ಕಿನ ಸುರುಳಿ ಹೊತ್ತು ಹೊರಟಿದ್ದ ಹಡಗು. ಅದರಲ್ಲಿದ್ದ 15 ಸಿರಿಯನ್ನರನ್ನು ಕೋಸ್ಟ್ ಗಾರ್ಡ್‌ನವರು ಉಳಿಸಿದ್ದರು. ಅಲ್ಲಿಂದ ತಲಪಾಡಿ ಗಡಿ ಹತ್ತಿರ, ಗಡಿ ದಾಟಿದರೆ ಮಂಜೇಶ್ವರ. ಇಲ್ಲೇ ಹಡಗು ಇರುವಾಗ ಗೋವಾ ಯಾಕೆ ಅಂದುಕೊಂಡು ಡಿಸೆಂಬರ್ ಕೊನೆಯಲ್ಲಿ ಮೈಸೂರಿನಿಂದ ಹೊರಟೆವು.

ಬ್ರೋಕರ್ ಕಳಿಸಿದ ಫೋಟೋದಲ್ಲಿ ನೀರು ಕನ್ನಡಿಯ ಹಾಗಿತ್ತು. ಹಡಗಿನ ಕಿಟಕಿಯಿಂದ ಹಳದಿ ಮೀನುಗಳು ಹೊರಬರುತ್ತಿದ್ದವು. ಮಂಜೇಶ್ವರದಲ್ಲಿ ಹೊಳೆ ಕಡಲು ಸೇರುವ ಜಾಗದ ಪಕ್ಕ ನಾನು ಮೊಣಕಾಲಿನವರೆಗೆ ಇಳಿದು ನೋಡಿದೆ, ನನ್ನ ಪಾದವೇ ಕಾಣಲಿಲ್ಲ! ಆಗಲೇ ಅನುಮಾನ ಬರಬೇಕಿತ್ತು, ಅಲ್ವಾ? ಇನ್ನೊಂದು ಗುರುತು ನಾವು ಗಮನಿಸಲೇ ಇಲ್ಲ. ನಿಮಗೆ ಡೈವಿಂಗ್ ಸರ್ಟಿಫಿಕೇಟ್ ಇದೆಯಾ ಎಂದು ಅವನು ಒಮ್ಮೆಯೂ ಕೇಳಿರಲಿಲ್ಲ.

ಬೆಳಿಗ್ಗೆ ಆರಕ್ಕೆ ಬಂದರಿನಲ್ಲಿ ನಿಂತೆವು. ಬ್ರೋಕರ್ ಫೋನ್ ಎತ್ತಲಿಲ್ಲ. ಅವನು ಹೇಳಿದ್ದ ಬೋಟಿನ ಮಾಲೀಕರಿಗೆ ಈ ವಿಷಯವೇ ಗೊತ್ತಿಲ್ಲ. "ಇದು ಮೀನಿನ ಬೋಟು ಮಾರಾಯ್ರೆ. ನಿಮ್ಮನ್ನು ಹತ್ತಿಸಿದ್ರೆ ನನ್ನ ಲೈಸೆನ್ಸ್ ಹೋಗ್ತದೆ" ಎಂದರು. ಆದರೆ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ಕ್ಯಾಬಿನ್‌ಗೆ ಕರೆದು ಜಿಪಿಎಸ್ ತೋರಿಸಿದರು. ಪರದೆ ತುಂಬ ಗುರುತುಗಳು. "ಇಲ್ಲೆಲ್ಲ ಬಲೆ ಸಿಕ್ಕಿಕೊಳ್ತದೆ. ಕೆಲವು ಕಡೆ ಪಾದೆ (ಬಂಡೆ) ಉಂಟು, ಕೆಲವು ಕಡೆ ಏನುಂಟು ಅಂತ ದೇವರಿಗೇ ಗೊತ್ತು." ನಾವು ದುಡ್ಡು ಕೊಟ್ಟು ಹುಡುಕುವ ಜಾಗಗಳನ್ನು ಅವರು ತಪ್ಪಿಸಿಕೊಂಡು ಹೋಗಲು ಬರೆದಿಟ್ಟಿದ್ದರು. ಮೂಲೆಯಲ್ಲಿ ಹರಿದ ಬಲೆಯ ರಾಶಿ. ಅದರ ದಾರವನ್ನು ನನ್ನ ಬೆರಳಿಗೆ ಸುತ್ತಿ ಎಳೆದು ತೋರಿಸಿದರು. ಬೆರಳು ಬಿಳಿಚಿಕೊಂಡಿತು, ದಾರ ತುಂಡಾಗಲಿಲ್ಲ. ಇಂಥದ್ದು ನೀರಿನಡಿ ಹಡಗಿಗೆ ಸುತ್ತಿಕೊಂಡಿರುತ್ತದೆ. ಚಾಕು ಇಲ್ಲದೆ, ಜೊತೆಗಾರನಿಲ್ಲದೆ ಅದರ ಹತ್ತಿರ ಹೋಗುವ ಮಾತೇ ಇಲ್ಲ.

ಹೊಟ್ಟೆ ಮಾತ್ರ ಮೋಸ ಹೋಗಲಿಲ್ಲ. ಹೊಸಂಗಡಿ ಪೇಟೆಯಲ್ಲಿ ಬೋರ್ಡೇ ಇಲ್ಲದ ಹೋಟೆಲ್, ಬೆಂಚು ನಾಲ್ಕೇ. ಕುಚ್ಚಲಕ್ಕಿ ಅನ್ನ, ಬಂಗುಡೆ ಗಸಿ, ಒಂದು ಪಲ್ಯ, ಎಲ್ಲ ಸೇರಿ 90 ರೂಪಾಯಿ. ಗಸಿ ಮುಗಿದ ಕೂಡಲೇ ಕೇಳದೆಯೇ ಮತ್ತೆ ಸುರಿದರು. ಬಡಿಸುವವರು ನಮಗೆ ಕನ್ನಡ, ಪಕ್ಕದವರಿಗೆ ತುಳು, ಅಡುಗೆಮನೆಗೆ ಮಲಯಾಳಂ, ಒಂದೇ ಉಸಿರಿನಲ್ಲಿ. ಬೂತಾಯಿ ಫ್ರೈ ಹನ್ನೆರಡೂವರೆಗೇ ಖಾಲಿ, ಬೇಗ ಹೋಗಿ. ನಾವು ಮೂರು ದಿನವೂ ಅಲ್ಲೇ ಉಂಡೆವು. ಬೇಕಲ ಕೋಟೆಗೂ ಹೋಗಿದ್ದೆವು, ಜನ ಜಾಸ್ತಿ, ಅರ್ಧ ಗಂಟೆಯಲ್ಲಿ ವಾಪಸ್.

ನಿಜವಾಗಿ ನೀರಿಗಿಳಿಯಬೇಕು ಅನ್ನುವವರು ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ. ಅಲ್ಲಿ ಹೋಗುವುದು ಬಂಡೆ, ಮೀನು ನೋಡಲು, ಹಡಗಿಗಲ್ಲ. ಹಡಗೇ ಬೇಕಾದರೆ ಗೋವಾದ ಗ್ರಾಂಡೆ ದ್ವೀಪದ ಹತ್ತಿರ ಸೂಸೀಸ್ ರೆಕ್ ಎಂಬ ಮುಳುಗಿದ ಹಡಗು ಇದೆ. ಮಳೆಗಾಲದ ನಾಲ್ಕು ತಿಂಗಳು ಎರಡನ್ನೂ ಮರೆತುಬಿಡಿ. ಡೈವಿಂಗ್‌ನ ಮೊದಲ ಹಂತದ ಓಪನ್ ವಾಟರ್ ಸರ್ಟಿಫಿಕೇಟ್ ಇದ್ದರೆ 18 ಮೀಟರ್, ಅದರ ಮುಂದಿನ ಅಡ್ವಾನ್ಸ್ಡ್ ಇದ್ದರೆ 30 ಮೀಟರ್‌ವರೆಗೆ ಇಳಿಯಬಹುದು. ಹಡಗಿನ ಒಳಗೆ ನುಗ್ಗಲು ಬೇರೆಯೇ ತರಬೇತಿ ಬೇಕು. ಫೋನಿನಲ್ಲಿ ಕೋಸ್ಟ್ ಗಾರ್ಡ್‌ನ ತುರ್ತು ನಂಬರ್ 1554 ಇಟ್ಟುಕೊಳ್ಳಿ.

ವಾಪಸ್ ಮಂಗಳೂರಿಗೆ ಬಸ್ಸಿನ ಸಹವಾಸ ಬೇಡ. ನಾವು ಹತ್ತಿದ್ದು ಟೈರ್ ಪಂಕ್ಚರ್ ಆಗಿ ಬಿಸಿಲಿನಲ್ಲಿ ಒಂದೂಕಾಲು ಗಂಟೆ ನಿಂತಿತು, ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಮಂಜೇಶ್ವರ ಸ್ಟೇಷನ್‌ನಲ್ಲಿ ಪ್ಯಾಸೆಂಜರ್ ರೈಲು ನಿಲ್ಲುತ್ತದೆ. ಆ ಬ್ರೋಕರ್ ಹೋದ ವಾರ ಅದೇ ಹಳದಿ ಮೀನಿನ ಫೋಟೋ ಮತ್ತೆ ಕಳಿಸಿದ್ದಾನೆ, ಈ ಸಲ ಮಲ್ಪೆ ಅಂತೆ.