ಕೆಂಪಿಗಿಂತ ನೋವು ಹೆಚ್ಚಿದ್ದ ಕಾಲು

ಮಳೆಗಾಲದಲ್ಲಿ ನಮ್ಮ ಸರ್ಜರಿ ವಾರ್ಡಿಗೆ ಕಾಲು ಊದಿಸಿಕೊಂಡು ಬರುವವರು ಹೆಚ್ಚು. ಗದ್ದೆ, ತೋಟಗಳಲ್ಲಿ ಬರಿಗಾಲಲ್ಲಿ ದುಡಿಯುವವರು. ಮುಳ್ಳು ಚುಚ್ಚಿರುತ್ತದೆ, ಇಲ್ಲವೇ ಕತ್ತಿ ತಾಗಿರುತ್ತದೆ. ಬಹುಪಾಲು ಜನರಿಗೆ ಆಂಟಿಬಯಾಟಿಕ್ ಕೊಟ್ಟು, ಕಾಲನ್ನು ಎತ್ತರದಲ್ಲಿಟ್ಟು ಮಲಗಿಸಿದರೆ ಊತ ಇಳಿಯುತ್ತದೆ.

ಆ ಸಂಜೆ ಬಂದ ಅಡಿಕೆ ತೋಟದ ಹಿರಿಯರ ಕಾಲೂ ನೋಡುವುದಕ್ಕೆ ಹಾಗೆಯೇ ಇತ್ತು. ಪಾದದ ಮೇಲೆ ಅಂಗೈಯಗಲ ಕೆಂಪು, ಬೆರಳ ಸಂದಿಯಲ್ಲಿ ಮುಳ್ಳಿನ ಗಾಯ, ಅದರ ಮೇಲೆ ಒಣಗಿದ ಅರಿಶಿನ. ಆದರೆ ಅವರು ನರಳುತ್ತಿದ್ದ ರೀತಿ ಆ ಕೆಂಪಿಗೆ ಹೊಂದುತ್ತಿರಲಿಲ್ಲ. ಚರ್ಮ ಚೆನ್ನಾಗಿಯೇ ಕಾಣುತ್ತಿದ್ದ ಮೀನಖಂಡವನ್ನು ಮುಟ್ಟಿದರೂ ಚೀರುತ್ತಿದ್ದರು. "ಅಪ್ಪ ನೋವಿಗೆ ಬಾಯಿ ಬಿಡುವವರೇ ಅಲ್ಲ, ಡಾಕ್ಟರೇ" ಎಂದ ಮಗ. ಊರಿನ ಆರೋಗ್ಯ ಕೇಂದ್ರದ ವೈದ್ಯೆ ಮಧ್ಯಾಹ್ನವೇ ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲಿ ಸಮಯ ಬರೆದು ಕಳುಹಿಸಿದ್ದರು. ಕೆಂಪು ಆ ಗೆರೆಯನ್ನು ದಾಟಿ ಮೂರು ಬೆರಳಿನಷ್ಟು ಮೇಲೇರಿತ್ತು. ಆ ಗೆರೆಗೆ ನಾನು ಇಂದಿಗೂ ಋಣಿ.

ನನಗೆ ಬಂದ ಅನುಮಾನ ನೆಕ್ರೋಟೈಸಿಂಗ್ ಫ್ಯಾಸಿಯೈಟಿಸ್‌ನದು. ಒಳಗಿನ ಅಂಗಾಂಶವನ್ನೇ ಸಾಯಿಸುವ ಈ ಸೋಂಕು ಸ್ನಾಯುವಿನ ಮೇಲಿನ ಪೊರೆಯುದ್ದಕ್ಕೂ ಹರಿಯುತ್ತದೆ. ಅಲ್ಲಿನ ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಚರ್ಮ ಕಪ್ಪಾಗುವುದು, ಬೊಬ್ಬೆ ಏಳುವುದು ಆಮೇಲಿನ ಮಾತು. ಅಷ್ಟರಲ್ಲಿ ನರಗಳೂ ಸತ್ತು ನೋವು ಕಡಿಮೆಯಾಗುತ್ತದೆ, ಮನೆಯವರು ಗುಣವಾಯಿತೆಂದು ಸಮಾಧಾನಪಡುತ್ತಾರೆ. ರಕ್ತವೇ ಹರಿಯದ ಜಾಗಕ್ಕೆ ಔಷಧಿಯೂ ತಲುಪುವುದಿಲ್ಲ. ಆದ್ದರಿಂದ ಸತ್ತದ್ದನ್ನು ಕತ್ತರಿಸಿ ತೆಗೆಯಲೇಬೇಕು.

ಸಿ.ಟಿ. ಸ್ಕ್ಯಾನ್ ಮಾಡಿಸೋಣವೇ ಎಂದು ಕಿರಿಯ ವೈದ್ಯರು ಕೇಳಿದರು. 2004ರಲ್ಲಿ ಸಿಂಗಪುರದ ವೈದ್ಯರು ಆರು ರಕ್ತಪರೀಕ್ಷೆಗಳನ್ನು ಸೇರಿಸಿ, ಈ ರೋಗದ ಸಾಧ್ಯತೆ ಅಳೆಯಲು ರೂಪಿಸಿದ ಅಂಕಪಟ್ಟಿಯೂ ಇದೆ. ಆದರೆ ಅಂಕ ಕಡಿಮೆ ಬಂದಿತೆಂದು ರೋಗ ಇಲ್ಲ ಎನ್ನುವ ಹಾಗಿಲ್ಲ, ಈ ಸೋಂಕಿನಲ್ಲಿ ಕೆಲವೊಮ್ಮೆ ಅಂಗಾಂಶದೊಳಗೆ ಸೇರುವ ಗಾಳಿ ಸ್ಕ್ಯಾನಿನಲ್ಲಿ ಕಾಣಲಿಲ್ಲವೆಂದು ಬಿಡುವ ಹಾಗೂ ಇಲ್ಲ. ರಕ್ತದೊತ್ತಡ ಇಳಿಯುತ್ತಿತ್ತು, ಸಕ್ಕರೆ ನಾನೂರು ದಾಟಿತ್ತು. ಡ್ರಿಪ್, ಇನ್ಸುಲಿನ್, ಮೆರೊಪೆನೆಮ್, ಲಿನೆಜೋಲಿಡ್ ಎಂಬ ಆಂಟಿಬಯಾಟಿಕ್‌ಗಳನ್ನು ಶುರು ಮಾಡಿಸಿ ಆಪರೇಷನ್ ಥಿಯೇಟರಿಗೆ ಕರೆದೊಯ್ದೆವು. ಜೊತೆಗೆ ಕ್ಲಿಂಡಾಮೈಸಿನ್ ಎಂಬ ಇನ್ನೊಂದು ಆಂಟಿಬಯಾಟಿಕ್ ಕೊಟ್ಟೆವು. ಬ್ಯಾಕ್ಟೀರಿಯಾಗಳು ವಿಷ ತಯಾರಿಸುವುದನ್ನು ಅದು ತಡೆಯುತ್ತದೆ.

ಮೀನಖಂಡದ ಆ ಚೆನ್ನಾದ ಚರ್ಮದ ಮೇಲೆ ಎರಡು ಸೆಂಟಿಮೀಟರ್ ಕೊಯ್ದೆ. ರಕ್ತ ಬರಲಿಲ್ಲ. ಪಾತ್ರೆ ತೊಳೆದ ನೀರಿನಂಥ ಬೂದು ದ್ರವ ಜಿನುಗಿತು. ಬೆರಳು ಹಾಕಿದೆ. ಆರೋಗ್ಯವಂತರಲ್ಲಿ ಪೊರೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ಬೆರಳು ಮುಂದೆ ಹೋಗುವುದಿಲ್ಲ. ಇಲ್ಲಿ ಯಾವ ತಡೆಯೂ ಇಲ್ಲದೆ ಮೊಣಕಾಲಿನತ್ತ ಜಾರಿಕೊಂಡು ಹೋಯಿತು. ಇನ್ನು ಅನುಮಾನಕ್ಕೆ ಎಡೆಯಿರಲಿಲ್ಲ. ಕೆಂಪು ರಕ್ತ ಚಿಮ್ಮುವ ಅಂಚು ಸಿಗುವವರೆಗೂ ಕತ್ತರಿಸಿದೆವು.

ಕಷ್ಟದ ಗಳಿಗೆ ಮರುದಿನದ್ದು. ಇಪ್ಪತ್ತನಾಲ್ಕು ಗಂಟೆಯೊಳಗೆ ಮತ್ತೆ ಥಿಯೇಟರಿಗೆ ಒಯ್ದು ಗಾಯ ನೋಡಲೇಬೇಕು. "ನಿನ್ನೆಯೇ ಎಲ್ಲ ತೆಗೆದಿರಲ್ಲ, ಇನ್ನೇನು ಉಳಿದಿದೆ?" ಎಂದು ಮಗ ಗದ್ಗದಿತನಾದ. ವೆಂಟಿಲೇಟರಿನಲ್ಲಿರುವ ಅಪ್ಪನ ಕಾಲನ್ನು ಮತ್ತೆ ಕೊಯ್ಯುತ್ತೇವೆಂದರೆ ಯಾವ ಮಗ ತಾನೇ ಒಪ್ಪುತ್ತಾನೆ? ಗಾಯದ ಫೋಟೊ ತೋರಿಸಿ, ಬೂದುಬಣ್ಣಕ್ಕೆ ತಿರುಗಿದ ಅಂಚನ್ನು ಬೆರಳಿಟ್ಟು ವಿವರಿಸಿದೆ. ಬಹಳ ಹೊತ್ತು ನೋಡಿ ಸಹಿ ಹಾಕಿದ. ಆ ದಿನ ಎರಡು ಕಾಲ್ಬೆರಳುಗಳನ್ನೂ ತೆಗೆಯಬೇಕಾಯಿತು. ಮೂರನೆಯ ಸಲ ನೋಡಿದಾಗ ಎಲ್ಲೆಡೆ ಜೀವಂತ ಮಾಂಸ. ಥಿಯೇಟರಿನ ಸಿಸ್ಟರ್ ಮಾಸ್ಕಿನೊಳಗೇ "ಅಬ್ಬಾ" ಎಂದರು.

ಮುಂದಿನದು ಡ್ರೆಸ್ಸಿಂಗ್, ಪೌಷ್ಟಿಕ ಊಟ, ತಾಳ್ಮೆಯ ಕೆಲಸ. ತೊಡೆಯಿಂದ ತೆಗೆದು ಹಚ್ಚಿದ ಚರ್ಮ ಹಿಡಿಯಿತು, ಕಾಲು ಉಳಿಯಿತು. ಅವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇನ್ಸುಲಿನ್ ಚುಚ್ಚುವುದನ್ನು ಸೊಸೆ ಕಲಿತುಕೊಂಡರು. ಮಗನ ರಕ್ತವನ್ನೂ ಅಂದೇ ಪರೀಕ್ಷಿಸಿದೆವು. ಅವನಲ್ಲೂ ಸಕ್ಕರೆ ಹೆಚ್ಚಿತ್ತು.