ಯಾವ ಹೂವಿನ ಗಿಡ ಹಚ್ಚಿದ್ರ ಪಾತರಗಿತ್ತಿ ಬರ್ತಾವ್ರಿ?

ಬಾಗಲಕೋಟೆ ನವನಗರದ ನಮ್ಮ ಮನೆಗೆ ಮಳೆಗಾಲದ ಕೊನೆಯಲ್ಲಿ ಯಾರೇ ಬರಲಿ, ಚಹಾ ಕುಡಿದು ಹಿತ್ತಲಲ್ಲಿ ಒಂದು ಸುತ್ತು ಹಾಕಿದ ಮೇಲೆ ಕೇಳುವುದು ಇದೇ ಪ್ರಶ್ನೆ. ನರ್ಸರಿಯಲ್ಲಿ ನಿಂತುಕೊಂಡೇ ಫೋನ್ ಹಚ್ಚುವವರೂ ಇದ್ದಾರೆ: "ಇಲ್ಲೆ ಪೆಂಟಾಸ್ ಅದ, ಇಕ್ಸೋರಾ ಅದ, ಯಾವುದು ತಗೊಳ್ಳಲಿ ಹೇಳ್ರಿ." ನಾನು ಕರಿಬೇವು, ಎಕ್ಕೆ, ಔಡಲ ಅಂದಾಗ ಆ ಕಡೆ ಮಾತೇ ನಿಲ್ಲುತ್ತದೆ. ಹೂವು ಕೇಳಿದರೆ ಎಲೆಯ ಮಾತು ಯಾಕೆ ಹೇಳುತ್ತೇನೆ ಅನ್ನುವುದನ್ನು ಒಮ್ಮೆ ಬಿಡಿಸಿ ಬರೆಯಬೇಕು ಅನ್ನಿಸಿತು.

ರೆಕ್ಕೆ ಬಂದ ಪಾತರಗಿತ್ತಿ ಜೇನಿಗಾಗಿ ಹತ್ತಾರು ಬಗೆಯ ಹೂವಿಗೆ ಹೋಗುತ್ತದೆ. ಅದಕ್ಕೆ ಅಷ್ಟೇನೂ ಹಟವಿಲ್ಲ. ಹಟವಿರುವುದು ಮೊಟ್ಟೆ ಇಡುವ ತಾಯಿಗೆ. ಒಂದೊಂದು ಜಾತಿಯ ಚಿಟ್ಟೆಗೂ ಗೊತ್ತಾದ ಕೆಲವೇ ಗಿಡಗಳಿವೆ. ಅದರ ಮರಿಹುಳ ಆ ಎಲೆ ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ, ಸಿಗದಿದ್ದರೆ ಉಪವಾಸ ಸಾಯುತ್ತದೆ. ಹೂವಷ್ಟೇ ಇರುವ ತೋಟ ಪಾತರಗಿತ್ತಿಗೆ ಬಸ್‌ಸ್ಟ್ಯಾಂಡಿನ ಚಹಾದಂಗಡಿ ಇದ್ದಂತೆ. ಕುಡಿದು ಮುಂದಿನ ಊರಿಗೆ ಹೋಗುತ್ತದೆ, ಸಂಸಾರ ಹೂಡುವುದಿಲ್ಲ. ಹಿತ್ತಲಲ್ಲೇ ಹುಟ್ಟಿ, ಹಿತ್ತಲಲ್ಲೇ ರೆಕ್ಕೆ ಬಿಚ್ಚಬೇಕು ಅಂದರೆ ಮರಿಹುಳದ ಊಟದ ಗಿಡ ಬೇಕು.

ಎಲ್ಲಕ್ಕಿಂತ ಸುಲಭದ್ದು ಕರಿಬೇವು, ನಿಂಬೆ. ಬೆಳಿಗ್ಗೆ ಬಿಸಿಲು ಏರಿದ ಮೇಲೆ ನಿಂಬೆ ಚಿಟ್ಟೆಯ ಹೆಣ್ಣು ಚಿಗುರಿನ ಸುತ್ತ ಹಾರುವುದನ್ನು ನಿಂತು ನೋಡಿ. ಪೂರ್ತಿ ಕೂರುವುದಿಲ್ಲ, ರೆಕ್ಕೆ ಬಡಿಯುತ್ತಲೇ ಮುಂಗಾಲಿನಿಂದ ಎಲೆಯನ್ನು ತಟ್ಟಿ ನೋಡುತ್ತದೆ. ರುಚಿ ಗೊತ್ತಾಗುವುದು ಅದಕ್ಕೆ ಕಾಲಿನಲ್ಲಿ. ಇದೇ ಗಿಡ ಅಂತ ಖಾತ್ರಿಯಾದರೆ ಬಾಲ ಬಗ್ಗಿಸಿ ಸಾಸಿವೆಗಿಂತ ಚಿಕ್ಕದಾದ ಒಂದೇ ಒಂದು ತಿಳಿಹಳದಿ ಮೊಟ್ಟೆ ಅಂಟಿಸಿ ಮುಂದಿನ ಚಿಗುರಿಗೆ ಹೋಗುತ್ತದೆ. ಮೂರ್ನಾಲ್ಕು ದಿನಕ್ಕೆ ಮರಿ. ಮೊದಮೊದಲು ಅದು ಕಂದು-ಬಿಳಿ ಬಣ್ಣದಲ್ಲಿ ಹಕ್ಕಿಯ ಹಿಕ್ಕೆಯಂತೆಯೇ ಇರುತ್ತದೆ. ಎಷ್ಟೋ ಜನ ಹಿಕ್ಕೆ ಅಂತಲೇ ನೀರು ಹಾಕಿ ತೊಳೆದುಬಿಡುತ್ತಾರೆ. ಬೆಳೆದ ಮೇಲೆ ಹಸಿರಾಗಿ, ಕಿರುಬೆರಳಿನಷ್ಟು ದಪ್ಪವಾಗಿ ಎಲೆಯ ನಡುನರದ ಮೇಲೆ ಮಲಗಿರುತ್ತದೆ. ಆಗ ಮೆತ್ತಗೆ ಮುಟ್ಟಿ. ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲೊಡೆದ ಕೊಂಬು ಸರ್ರನೆ ಹೊರಬಂದು ಕೊಳೆತ ನಿಂಬೆಯ ಘಾಟು ಹೊಡೆಯುತ್ತದೆ. ಇರುವೆ, ಕಣಜಗಳನ್ನು ಓಡಿಸಲು ಅದರ ಬಳಿ ಇರುವ ಆಯುಧ ಅದೊಂದೇ. ನಮ್ಮ ಕೈಗೆ ಏನೂ ಆಗುವುದಿಲ್ಲ. ಮಕ್ಕಳಿಗೆ ಇದನ್ನು ಒಮ್ಮೆ ತೋರಿಸಿದರೆ ಮರುದಿನದಿಂದ ಅವರೇ ಗಿಡದ ಕಾವಲುಗಾರರು. ಕೋಶ ಕಟ್ಟುವಾಗ ಸೊಂಟಕ್ಕೊಂದು ನೂಲಿನ ಎಳೆ ಬಿಗಿದುಕೊಂಡು ಕಡ್ಡಿಗೆ ಒರಗುತ್ತದೆ. ಸುತ್ತ ಹಸಿರಿದ್ದರೆ ಕೋಶ ಹಸಿರು, ಒಣಕಡ್ಡಿ ಇದ್ದರೆ ಕಂದು. ಮೊಟ್ಟೆಯಿಂದ ರೆಕ್ಕೆಯವರೆಗೆ ಹೆಚ್ಚುಕಮ್ಮಿ ಒಂದು ತಿಂಗಳು.

"ಒಗ್ಗರಣಿಗೆ ಎಲೀನ ಉಳಿಯಂಗಿಲ್ಲಲ್ರಿ" ಅನ್ನುವವರಿಗೆ ನನ್ನ ಉತ್ತರ: ಎರಡು ಕರಿಬೇವು ಹಚ್ಚಿ, ಒಂದು ಅಡುಗೆಮನೆಗೆ, ಇನ್ನೊಂದು ಹುಳಕ್ಕೆ. ಬಲಿತ ಕರಿಬೇವು ಬೋಳಾದರೂ ಮತ್ತೆ ಚಿಗುರುತ್ತದೆ. ಆದರೆ ಈ ಮಾತನ್ನು ನಾನು ವಿಜಯಪುರ ಜಿಲ್ಲೆಯ ಇಂಡಿ ಕಡೆಯ ನಿಂಬೆ ಬೆಳೆಗಾರರಿಗೆ ಹೇಳುವುದಿಲ್ಲ. ಎಳೆಯ ನಿಂಬೆ ಸಸಿಗೆ ಇದೇ ಹುಳ ದೊಡ್ಡ ಕಂಟಕ, ಅವರು ಆರಿಸಿ ತೆಗೆಯುವುದು ನ್ಯಾಯವೇ. ದಾಳಿಂಬೆಯ ಹಣ್ಣು ಕೊರೆಯುವ ಹುಳವೂ ಒಂದು ಚಿಟ್ಟೆಯ ಮರಿಯೇ. ನಮ್ಮ ಜಿಲ್ಲೆಯ ಎಷ್ಟೋ ರೈತರಿಗೆ ಹುಳದ ಪರಿಚಯವಿದೆ, ಅದು ಮುಂದೆ ಪಾತರಗಿತ್ತಿಯಾಗುತ್ತದೆ ಅನ್ನುವುದು ಗೊತ್ತಿಲ್ಲ. ಹೊಲದ ಲೆಕ್ಕ ಬೇರೆ, ಹಿತ್ತಲ ಲೆಕ್ಕ ಬೇರೆ.

ಕರಿಬೇವಿಗೆ ಇನ್ನೊಂದು ಚಿಟ್ಟೆ ಬರುತ್ತದೆ, ಕಾಮನ್ ಮಾರ್ಮನ್. ನಿಂಬೆ ಚಿಟ್ಟೆಗೆ ಬಾಲವಿಲ್ಲ. ಕಪ್ಪು ರೆಕ್ಕೆಯ ತುಂಬ ಹಳದಿ ಮಿಶ್ರಿತ ಬಿಳಿ ಕಲೆಗಳು, ಹಿಂದಿನ ರೆಕ್ಕೆಯ ಒಳಮೂಲೆಯಲ್ಲಿ ಒಂದು ಕೆಂಪು ಬೊಟ್ಟು. ಮಾರ್ಮನ್‌ಗೆ ಬಾಲವುಂಟು, ಗಂಡಿಗೆ ಹಿಂದಿನ ರೆಕ್ಕೆಗೆ ಅಡ್ಡಲಾಗಿ ಬಿಳಿ ಚುಕ್ಕೆಗಳ ಸಾಲು. ತಕರಾರು ಇರುವುದು ಹೆಣ್ಣಿನದು. ಕೆಲವು ಹೆಣ್ಣುಗಳು ಗಂಡಿನ ಹಾಗೇ ಇದ್ದರೆ, ಕೆಲವು ಕಾಮನ್ ರೋಸ್ ಅನ್ನುವ ಬೇರೆಯದೇ ಚಿಟ್ಟೆಯ ವೇಷ ತೊಟ್ಟಿರುತ್ತವೆ. ರೋಸ್ ಮರಿಯಾಗಿದ್ದಾಗ ಈಶ್ವರಿ ಬಳ್ಳಿಯ ವಿಷ ತಿಂದು ಬೆಳೆದದ್ದು, ಹಕ್ಕಿಗಳು ಅದನ್ನು ಮುಟ್ಟುವುದಿಲ್ಲ. ಆ ಹೆದರಿಕೆಯ ಲಾಭ ಮಾರ್ಮನ್‌ಗೆ. ಗುರುತು ಹಿಡಿಯಲು ರೆಕ್ಕೆ ಬಿಟ್ಟು ಮೈ ನೋಡಬೇಕು. ಮೈ ಕೆಂಪಗಿದ್ದರೆ ರೋಸ್, ಕಪ್ಪಗಿದ್ದರೆ ಮಾರ್ಮನ್.

ಇನ್ನು ಎಕ್ಕೆ. ಶನಿವಾರ ಹನುಮಪ್ಪನ ಹಾರಕ್ಕೆ ಎಲೆ ಬೇಕು, ಆದರೆ ಕಂಪೌಂಡಿನೊಳಗೆ ಗಿಡ ಬೇಡ ಅನ್ನುವವರೇ ಬಹಳ. ಪ್ಲೇನ್ ಟೈಗರ್ ಚಿಟ್ಟೆಯ ತವರು ಇದೇ ಗಿಡ. ಮರಿಹುಳದ ಮೈಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆ, ಬೆನ್ನಿನ ಮೇಲೆ ಮೂರು ಜೊತೆ ಕಪ್ಪು ಎಳೆಗಳು. ಎಕ್ಕೆಯ ಹಾಲಿನ ವಿಷವನ್ನು ಮೈಯಲ್ಲೇ ಕೂಡಿಟ್ಟುಕೊಳ್ಳುತ್ತದೆ, ಅದಕ್ಕೇ ಬೆಳೆದ ಮೇಲೆ ಯಾರ ಭಯವೂ ಇಲ್ಲದೆ ನಿಧಾನ ಹಾರುತ್ತದೆ. ಕಿತ್ತಳೆ ರೆಕ್ಕೆ, ತುದಿ ಕಪ್ಪು, ಅದರೊಳಗೆ ಬಿಳಿ ಪಟ್ಟಿ. ಹಿಂದಿನ ರೆಕ್ಕೆಯ ನಡುವೆ ಮೂರು ಕಪ್ಪು ಚುಕ್ಕೆ ಇದ್ದರೆ ಹೆಣ್ಣು, ನಾಲ್ಕಿದ್ದರೆ ಗಂಡು. ನಡುವೆ ಚುಕ್ಕೆಯೇ ಇಲ್ಲದೆ ಮೇಲಂಚಿನಲ್ಲಿ ಒಂದೇ ಒಂದು ಕಲೆ ಕಂಡರೆ ಅದು ಪ್ಲೇನ್ ಟೈಗರ್ ಅಲ್ಲ, ಅದರ ವೇಷದಲ್ಲಿರುವ ಡನೈಡ್ ಎಗ್‌ಫ್ಲೈ ಹೆಣ್ಣು. ಅದರ ಮರಿ ಎಕ್ಕೆ ತಿನ್ನುವುದಿಲ್ಲ, ನಾವು ಪಲ್ಯ ಮಾಡುವ ಗೋಳಿ ಸೊಪ್ಪು ತಿನ್ನುತ್ತದೆ. ಹಾಗಾಗಿ ಮಡಿಯಲ್ಲಿ ತಾನಾಗಿ ಎದ್ದ ಗೋಳಿಯನ್ನು ನಾನು ಪೂರ್ತಿ ಕೀಳುವುದಿಲ್ಲ. ಎಕ್ಕೆಯ ಹಾಲು ಕಣ್ಣಿಗೆ ಬಹಳ ಅಪಾಯ. ಮಕ್ಕಳ ಕೈಗೆ ಸಿಗದ ಮೂಲೆಯಲ್ಲಿ ಹಚ್ಚಿ, ಕಡಿದ ಮೇಲೆ ಕೈ ತೊಳೆಯಿರಿ.

ಔಡಲಕ್ಕೆ ಕಾಮನ್ ಕ್ಯಾಸ್ಟರ್ ಬರುತ್ತದೆ, ಕಣಗಿಲಕ್ಕೆ ಕಾಮನ್ ಕ್ರೋ, ತಂಗಡಿಗೂ ಕಕ್ಕೆಗೂ ಎಮಿಗ್ರಂಟ್, ತೊಗರಿ-ಅವರೆಯ ಮೊಗ್ಗಿಗೆ ಪೀ ಬ್ಲೂ. ಕ್ರೋ ಚಿಟ್ಟೆಯ ಕೋಶವನ್ನು ಮಾತ್ರ ಹುಡುಕಿಯಾದರೂ ನೋಡಿ, ಕಣಗಿಲದ ಎಲೆಯಡಿ ಬಂಗಾರದ ಜುಮಕಿಯೇ ತೂಗುತ್ತಿರುತ್ತದೆ.

ನಮ್ಮಲ್ಲಿ ಅನೇಕರಿಗೆ ಒಂದು ಕೊರಗಿದೆ: ಚಿಟ್ಟೆ ಅಂದರೆ ಬೆಳಗಾವಿಯ ಖಾನಾಪುರ, ಭೀಮಗಡದ ಕಾಡು, ನಮ್ಮ ಬಿಸಿಲೂರಲ್ಲಿ ಏನಿದೆ ಅಂತ. ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಘಟ್ಟದ್ದು, ನಿಜ. ಈಶ್ವರಿ ಬಳ್ಳಿ ಅದರ ಮರಿಗೂ ಊಟವೇ, ಆದರೆ ಬಾಗಲಕೋಟೆಯಲ್ಲಿ ಆ ಬಳ್ಳಿ ಹಚ್ಚಿದರೆ ಕಾಮನ್ ರೋಸ್‌ಗೆ ಕಾಯಬೇಕು, ಬರ್ಡ್‌ವಿಂಗ್‌ಗಲ್ಲ. ಅದರಲ್ಲಿ ಬೇಸರ ಪಡುವಂಥದ್ದೇನೂ ಇಲ್ಲ. ಅಚ್ಚಬಿಳಿ ರೆಕ್ಕೆಗೆ ಕುಂಕುಮ ಅದ್ದಿದ ತುದಿಯ ಕ್ರಿಮ್ಸನ್ ಟಿಪ್ ಒಣ ಮುಳ್ಳುಕಂಟಿಯ ನಾಡಿನ ಚಿಟ್ಟೆ. ಕ್ಯಾಪರಿಸ್ ಜಾತಿಯ ಕಂಟಿಗಳೇ ಅದರ ಆಸರೆ, ದಟ್ಟ ಕಾಡಿನ ನೆರಳು ಅದಕ್ಕೆ ಬೇಕಿಲ್ಲ. ನಮ್ಮ ಬದುಗಳ ಮುಳ್ಳುಕಂಟಿ ಉಳಿದರೆ ಅದೂ ಉಳಿಯುತ್ತದೆ. ಖಾಲಿ ಸೈಟುಗಳನ್ನು "ಸ್ವಚ್ಛ" ಮಾಡುವ ಹೆಸರಿನಲ್ಲಿ ಎಕ್ಕೆ, ಔಡಲ, ತಂಗಡಿಗಳ ಮೇಲೆ ಕಳೆನಾಶಕ ಹೊಡೆಯುವುದನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ. ಸೈಟಿನ ಒಂದು ಅಂಚನ್ನಾದರೂ ಬಿಡಿ ಅಂತ ಮಾಲೀಕರನ್ನು ಕೇಳುತ್ತೇನೆ, ಒಪ್ಪಿದವರೂ ಇದ್ದಾರೆ.

ಔಷಧಿಯ ಮಾತು ಬಂತು. ಬೇವಿನೆಣ್ಣೆ ಸಾವಯವ, ಹೊಡೆದರೆ ಏನೂ ಆಗುವುದಿಲ್ಲ ಅನ್ನುವ ನಂಬಿಕೆ ಇದೆ. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಎಲೆ ತಿನ್ನುವ ಮರಿಹುಳದ ಪೊರೆ ಕಳಚುವಿಕೆಯನ್ನೇ ಕೆಡಿಸುತ್ತದೆ. ಚಿಟ್ಟೆಗಾಗಿ ಬಿಟ್ಟ ಗಿಡಕ್ಕೆ ಅದನ್ನೂ ಹೊಡೆಯಬೇಡಿ.

ವಾಟ್ಸಾಪಿನಲ್ಲಿ ಫೋಟೋ ಕಳಿಸಿ ಹೆಸರು ಕೇಳುವವರಿಗೆ ಒಂದು ವಿನಂತಿ. ರೆಕ್ಕೆ ಬಿಚ್ಚಿದಾಗಿನ ಚಿತ್ರ ಚಂದ, ಆದರೆ ಮಡಚಿದಾಗಿನ ಕೆಳಮೈ ಚಿತ್ರವೂ ಬೇಕು. ಸಣ್ಣ ನೀಲಿ ಚಿಟ್ಟೆಗಳನ್ನು ಕೆಳಮೈ ಗೆರೆಗಳಿಲ್ಲದೆ ಬೇರ್ಪಡಿಸುವುದು ಕಷ್ಟ. ಮರಿಹುಳದ ಚಿತ್ರವಾದರೆ ಯಾವ ಗಿಡದ ಮೇಲಿತ್ತು ಅಂತ ಬರೆಯಿರಿ. ಗಿಡ ಗೊತ್ತಾದರೆ ಅರ್ಧ ಹೆಸರು ಸಿಕ್ಕಂತೆ. ಕೂದಲು ತುಂಬಿದ, ಮುಟ್ಟಿದರೆ ತುರಿಸುವ ಕಂಬಳಿಹುಳ ಬಹುತೇಕ ಪತಂಗದ್ದು, ಅದನ್ನು ಮುಟ್ಟಬೇಡಿ. ಔಡಲದ ಎಲೆಯನ್ನು ಜಾಲರಿ ಮಾಡಿ ಬಿಡುವ ಕೊಂಡಿಹುಳವೂ ಪತಂಗದ್ದೇ.

ಹಾಗಾದರೆ ಹೂವು ಬೇಡವೇ? ಬೇಕು, ಎಲೆಯಾದ ಮೇಲೆ. ಪೆಂಟಾಸ್, ಕೇಪಳ, ಒಂದೆಸಳಿನ ಚೆಂಡು ಹೂವು ಒಳ್ಳೆಯವು; ತುಂಬು ಎಸಳಿನ ಹೈಬ್ರಿಡ್ ಹೂವಿನಲ್ಲಿ ಸೊಂಡಿಲು ಇಳಿಸಲು ಜಾಗವೇ ಇರುವುದಿಲ್ಲ. ಹೂಬಿಟ್ಟ ತುಳಸಿಗೆ ಸಣ್ಣ ನೀಲಿಗಳು ತಪ್ಪದೆ ಬರುತ್ತವೆ, ಕದಿರನ್ನೆಲ್ಲ ಚಿವುಟಬೇಡಿ. ಹಸಿರೆಲೆ ಗೊಬ್ಬರದ ಸೆಣಬನ್ನು ಒಂದು ಮೂಲೆಯಲ್ಲಿ ಬಿತ್ತಿದರೆ ಟೈಗರ್, ಕ್ರೋ ಗಂಡುಗಳು ಅದರ ಒಣಗುತ್ತಿರುವ ಭಾಗದಿಂದ ರಸ ಹೀರಲು ಮುತ್ತುತ್ತವೆ. ಹೆಣ್ಣನ್ನು ಒಲಿಸುವ ವಾಸನೆ ತಯಾರಾಗುವುದು ಆ ರಸದಿಂದ. ನೀರಿನ ತೊಟ್ಟಿಗಿಂತ ಒದ್ದೆ ಮಣ್ಣು ಮೇಲು. ಗಂಡು ಚಿಟ್ಟೆಗಳು ಅದರಿಂದ ಉಪ್ಪಿನಂಶ ಹೀರುತ್ತವೆ. ನಲ್ಲಿಯ ಕೆಳಗೆ ಒಂದಿಷ್ಟು ಎರೆಮಣ್ಣು ಹಸಿಯಾಗಿದ್ದರೆ ಸಾಕು.

ಮೃಗಶಿರ ಮಳೆಗೆ ಸಸಿ ಹಚ್ಚಿದರೆ ಹಸ್ತ-ಚಿತ್ತೆಯ ಹೊತ್ತಿಗೆ ಮೊಟ್ಟೆ ಹುಡುಕಲು ಶುರು ಮಾಡಬಹುದು. ಅಪಾರ್ಟ್‌ಮೆಂಟಿನವರು ಬಾಲ್ಕನಿಯಲ್ಲಿ ಬೆಳಗಿನ ಬಿಸಿಲು ಬೀಳುವ ಕಡೆ ಒಂದು ಕುಂಡದಲ್ಲಿ ಕರಿಬೇವು, ಇನ್ನೊಂದರಲ್ಲಿ ನಿಂಬೆ ಇಡಿ. ನರ್ಸರಿಯಿಂದ ತರುವ ಸಸಿಗೆ ಔಷಧಿ ಹೊಡೆದಿರುವ ಸಾಧ್ಯತೆ ಇದೆ. ಹಳೆಯ ಎಲೆ ಉದುರಿ ಹೊಸ ಚಿಗುರು ಬರುವತನಕ ತಡೆಯಿರಿ, ಚಿಗುರು ಬಂದ ಮೇಲೆ ದಿನಾ ಎಲೆಯಡಿ ನೋಡಿ.